34ನೇ ಚಿತ್ರ: ಲೋನ್ ಡಾಗ್‌ನ ಚಳಿಗಾಲದ ಎಣಿಕೆಯನ್ನು ಓದಿದ ಕಥೆ

1876ರಲ್ಲಿ ಗ್ಯಾರಿಕ್ ಮ್ಯಾಲರಿ ಎಂಬ ಅಮೆರಿಕನ್ ಸೇನಾಧಿಕಾರಿ ಡಕೋಟಾ ಪ್ರಾಂತ್ಯದ ಫೋರ್ಟ್ ರೈಸ್ ಎಂಬ ಠಾಣೆಯಲ್ಲಿದ್ದ. ಅವನ ಕೈಗೆ ಒಂದು ಹತ್ತಿ ಬಟ್ಟೆ ಬಂತು. ಹೆಚ್ಚುಕಡಿಮೆ ಒಂದು ಗಜ ಉದ್ದ, ಒಂದು ಗಜ ಅಗಲ. ಅದರ ತುಂಬ ಕಪ್ಪು ಮತ್ತು ಕೆಂಪು ಬಣ್ಣದಲ್ಲಿ ಪುಟ್ಟ ಪುಟ್ಟ ಚಿತ್ರಗಳು. ನಡುವಿನಲ್ಲಿ ಶುರುವಾಗಿ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತವೆ. ಒಟ್ಟು 71. ಒಂದು ಅಕ್ಷರ ಇಲ್ಲ, ಒಂದು ಇಸವಿ ಇಲ್ಲ.

ಆ ಬಟ್ಟೆ ಲೆಫ್ಟಿನೆಂಟ್ ರೀಡ್ ಎಂಬ ಇನ್ನೊಬ್ಬ ಅಧಿಕಾರಿಯದು. ಅವನಿಗೆ ಅದು ಸಿಕ್ಕಿದ್ದು ಫೋರ್ಟ್ ಸಲ್ಲಿ ಹತ್ತಿರವಿದ್ದ ಬಾಸಿಲ್ ಕ್ಲೆಮೆಂಟ್ ಎಂಬ ದುಭಾಷಿಯಿಂದ. ಅಂದರೆ ಇದು ಮೂಲವಲ್ಲ, ನಕಲು. ಮೂಲ ಇದ್ದದ್ದು ಬೈಸನ್ ಚರ್ಮದ ಮೇಲೆ, ಲೋನ್ ಡಾಗ್ ಎಂಬ ಹಿರಿಯನ ಹತ್ತಿರ. ಅವನ ಭಾಷೆಯಲ್ಲಿ ಅವನ ಹೆಸರು ಶುಂಕಾ ಇಷ್ನಾಲಾ, ಒಂಟಿ ನಾಯಿ ಅಂತ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಲೋನ್ ಡಾಗ್ ಲಕೋಟಾ ಅಲ್ಲ, ಯಾಂಕ್ಟೊನೈ ಗುಂಪಿನವನು. ಲಕೋಟಾ, ಯಾಂಕ್ಟೊನೈ, ಪೂರ್ವದ ಡಕೋಟಾ ಎಲ್ಲರೂ ಒಂದೇ ದೊಡ್ಡ ಬಳಗ. ಹೊರಗಿನವರು ಎಲ್ಲರನ್ನೂ ಸೇರಿಸಿ ಸೂ ಅಂದರು. ಅವನ ಎಣಿಕೆಯಂಥದ್ದೇ ಎಣಿಕೆಗಳನ್ನು ಮಿನೆಕೊಂಜು ಲಕೋಟಾ ಗುಂಪಿನ ಸ್ವಾನ್‌ನಂಥವರೂ ಇಟ್ಟುಕೊಂಡಿದ್ದರು. ಎಷ್ಟೋ ವರ್ಷಗಳ ಚಿತ್ರಗಳು ಒಂದಕ್ಕೊಂದು ಹೊಂದುತ್ತವೆ. ಹಾಗಾಗಿ ಈ ಪದ್ಧತಿ ಹೇಗೆ ನಡೆಯುತ್ತಿತ್ತು ಅಂತ ತಿಳಿಯೋದಕ್ಕೆ ಈ ಒಂದು ಬಟ್ಟೆ ಸಾಕಷ್ಟು ಒಳ್ಳೆಯ ಉದಾಹರಣೆ.

ಲಕೋಟಾ ಜನ ಇದನ್ನು ವನಿಯೇತು ವೊವಾಪಿ ಅನ್ನುತ್ತಾರೆ, ಚಳಿಗಾಲದ ಎಣಿಕೆ. ಅವರಿಗೆ ವರ್ಷ ಅಂದರೆ ಮೊದಲ ಹಿಮ ಬಿದ್ದ ದಿನದಿಂದ ಮುಂದಿನ ಮೊದಲ ಹಿಮದವರೆಗೆ. ಹಾಗಾಗಿ ಒಂದು ವರ್ಷ ನಮ್ಮ ಎರಡು ಇಸವಿಗಳ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತದೆ. 1833–34 ಅಂತ ಬರೆಯೋದು ಅದಕ್ಕೇ. ಪ್ರತಿ ವರ್ಷಕ್ಕೂ ಒಂದು ಹೆಸರು, ಆ ಹೆಸರಿಗೆ ಒಂದು ಚಿತ್ರ. ನಮ್ಮಲ್ಲಿ ಪ್ರಭವ, ವಿಭವ ಅಂತ ಸಂವತ್ಸರದ ಹೆಸರು ವರ್ಷ ಹುಟ್ಟುವ ಮೊದಲೇ ಪಂಚಾಂಗದಲ್ಲಿ ತಯಾರಾಗಿರುತ್ತದೆ. ಅವರದು ಉಲ್ಟಾ. ಏನಾಯಿತು ಅಂತ ನೋಡಿದ ಮೇಲೆ ಹೆಸರು.

ಹೆಸರು ಇಡೋದು ಒಬ್ಬನ ಇಷ್ಟಕ್ಕೆ ಬಿಟ್ಟ ಕೆಲಸವಾಗಿರಲಿಲ್ಲ. ಲೋನ್ ಡಾಗ್ ಬಗ್ಗೆ ಮ್ಯಾಲರಿಗೆ ತಿಳಿದುಬಂದದ್ದು ಇಷ್ಟು: ತನ್ನ ಗುಂಪಿನ ಹಿರಿಯರ ಜೊತೆ ಮಾತಾಡಿ, ಕಳೆದ ವರ್ಷವನ್ನು ಯಾವ ಘಟನೆಯಿಂದ ಗುರುತಿಸೋಣ ಅಂತ ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ಹೊಂದುವ ಚಿತ್ರವನ್ನು ಚರ್ಮದ ಮೇಲೆ ಬರೆಯುತ್ತಿದ್ದ. ಆಗಾಗ ಆ ಚರ್ಮವನ್ನು ಹಾಸಿ ಜನರಿಗೆ ತೋರಿಸಿ, ಯಾವ ಚಿತ್ರ ಯಾವ ವರ್ಷ ಅಂತ ಕಲಿಸುತ್ತಿದ್ದ. ಮಗು ಹುಟ್ಟಿದ್ದು ಯಾವಾಗ, ಅಜ್ಜ ಸತ್ತು ಎಷ್ಟು ವರ್ಷವಾಯಿತು ಅನ್ನೋದಕ್ಕೆಲ್ಲ ಅದೇ ಲೆಕ್ಕ. ಇಂಥ ವರ್ಷದಲ್ಲಿ ಹುಟ್ಟಿದೆ ಅಂದರೆ ಸಾಕು, ಅಲ್ಲಿಂದ ಚಿತ್ರ ಎಣಿಸಿಕೊಂಡು ಬಂದರೆ ವಯಸ್ಸು ಸಿಗುತ್ತಿತ್ತು.

ಸರಿ, ಈಗ ಸಮಸ್ಯೆಗೆ ಬರೋಣ. ಚಿತ್ರಗಳ ಕ್ರಮ ಗೊತ್ತಾಯಿತು. ಅರ್ಥ ಹೇಳೋದಕ್ಕೆ ಜನ ಇದ್ದರು. ಆದರೆ ಇಸವಿ ಯಾವುದು? ಕೊನೆಯ ಚಿತ್ರ 1870–71ರ ಚಳಿಗಾಲದ್ದು ಅಂತ ಒಪ್ಪಿಕೊಂಡು ಹಿಂದಕ್ಕೆ ಎಣಿಸಿದರೆ ಮೊದಲನೆಯದು 1800–01 ಆಗುತ್ತದೆ. ಆದರೆ ನಡುವೆ ಎಲ್ಲೋ ಒಂದು ವರ್ಷ ಬಿಟ್ಟುಹೋಗಿದ್ದರೆ? ಅಥವಾ ಒಂದೇ ವರ್ಷಕ್ಕೆ ಎರಡು ಚಿತ್ರ ಬಿದ್ದಿದ್ದರೆ? ಆಗ ಲೆಕ್ಕವೆಲ್ಲ ಜರುಗಿಬಿಡುತ್ತದೆ. ನಡುವೆ ಎಲ್ಲಾದರೂ ಒಂದು ಗಟ್ಟಿ ಗೂಟ ಬೇಕು, ಲಕೋಟಾಗಳೂ ನೋಡಿರಬೇಕು, ಹೊರಗಿನವರೂ ತಾರೀಖು ಹಾಕಿ ಬರೆದಿಟ್ಟಿರಬೇಕು.

ಆ ಗೂಟ ಸಿಕ್ಕಿದ್ದು ಆಕಾಶದಲ್ಲಿ. 1833ರ ನವೆಂಬರ್ 12ರ ರಾತ್ರಿ ಕಳೆದು 13ರ ಬೆಳಗಾಗುವ ಮೊದಲು ಉತ್ತರ ಅಮೆರಿಕದ ಮೇಲೆ ಉಲ್ಕೆಗಳ ಮಳೆಯೇ ಸುರಿಯಿತು. ಈಗ ಲಿಯೊನಿಡ್ ಅಂತ ಕರೆಯುವ ಉಲ್ಕಾವೃಷ್ಟಿ, ಸುಮಾರು 33 ವರ್ಷಕ್ಕೊಮ್ಮೆ ಸೂರ್ಯನ ಹತ್ತಿರ ಬರುವ ಟೆಂಪಲ್–ಟಟಲ್ ಧೂಮಕೇತು ಬಿಟ್ಟುಹೋದ ಧೂಳಿನಿಂದ ಆಗೋದು. ಅಂದು ಅದು ಎಷ್ಟು ಜೋರಾಗಿತ್ತು ಅಂದರೆ ಪ್ರಳಯವೇ ಬಂತು ಅಂತ ಪೂರ್ವ ತೀರದ ಪಟ್ಟಣಗಳಲ್ಲೂ ಜನ ಹೆದರಿ ಹೊರಗೆ ಬಂದರು. ಪತ್ರಿಕೆಗಳು ಬರೆದವು. ಯೇಲ್‌ನಲ್ಲಿ ಪಾಠ ಹೇಳುತ್ತಿದ್ದ ಡೆನಿಸನ್ ಓಲ್ಮ್‌ಸ್ಟೆಡ್ ಎಲ್ಲೆಲ್ಲಿಂದಲೋ ವರದಿ ತರಿಸಿಕೊಂಡು ಅಧ್ಯಯನ ಮಾಡಿದ. ತಾರೀಖಿನ ಬಗ್ಗೆ ಯಾವ ಅನುಮಾನವೂ ಇಲ್ಲ.

ಲೋನ್ ಡಾಗ್‌ನ ಸುರುಳಿಯಲ್ಲಿ 34ನೇ ಚಿತ್ರ ನೋಡಿ. ಕಪ್ಪು ಚಂದ್ರ, ಸುತ್ತ ಕೆಂಪು ನಕ್ಷತ್ರಗಳು. ಕೊನೆಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಅದು ಸರಿಯಾಗಿ 1833–34ಕ್ಕೇ ಕೂರುತ್ತದೆ.

ಒಂದೇ ಬಟ್ಟೆಯಲ್ಲಿ ಹೀಗಾಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಮ್ಯಾಲರಿ 1877ರಲ್ಲಿ ಇದನ್ನು ಅಚ್ಚು ಹಾಕಿಸಿದ ಮೇಲೆ ಬೇರೆ ಬೇರೆ ಕಡೆಯಿಂದ ಇನ್ನಷ್ಟು ಎಣಿಕೆಗಳು ಬಂದವು. ನೆಬ್ರಾಸ್ಕದ ಕ್ಯಾಂಪ್ ಶೆರಿಡನ್‌ನಲ್ಲಿ ಸೇನೆಯ ವೈದ್ಯನಾಗಿದ್ದ ವಿಲಿಯಂ ಕೊರ್ಬುಸಿಯರ್ 1879–80ರ ಹೊತ್ತಿಗೆ ಅಮೆರಿಕನ್ ಹಾರ್ಸ್, ಕ್ಲೌಡ್ ಶೀಲ್ಡ್, ವೈಟ್ ಕೌ ಕಿಲ್ಲರ್ ಇವರ ಎಣಿಕೆಗಳನ್ನು ಕೇಳಿ ಬರೆದುಕೊಂಡ. ಬ್ರೂಲೆ ಲಕೋಟಾದವನಾದ ಬ್ಯಾಟಿಸ್ಟ್ ಗುಡ್ ಕೂಡ ತನ್ನದರ ಪ್ರತಿ ಮಾಡಿಕೊಟ್ಟ. ಎಲ್ಲರಲ್ಲೂ ಆ ರಾತ್ರಿ ಇದೆ. ಕ್ಲೌಡ್ ಶೀಲ್ಡ್ ಪ್ರಕಾರ ನಕ್ಷತ್ರಗಳ ಮಳೆ ಸುರಿಯಿತು. ಅಮೆರಿಕನ್ ಹಾರ್ಸ್ ಪ್ರಕಾರ ನಕ್ಷತ್ರಗಳು ಅತ್ತಿತ್ತ ಓಡಾಡಿದವು. ವೈಟ್ ಕೌ ಕಿಲ್ಲರ್‌ಗೆ ಅದು ಬೇಕಾದಷ್ಟು ನಕ್ಷತ್ರಗಳ ಚಳಿಗಾಲ. ಬ್ಯಾಟಿಸ್ಟ್ ಗುಡ್ ಒಂದು ಟಿಪಿ, ಅಂದರೆ ಗುಡಾರ, ಬರೆದು ಅದರ ಸುತ್ತ ನಕ್ಷತ್ರಗಳನ್ನು ಸುರಿಸಿದ್ದಾನೆ. ಚಿತ್ರ ಬೇರೆ, ಹೆಸರು ಬೇರೆ, ರಾತ್ರಿ ಒಂದೇ. ಬೇರೆ ಯಾವ ವರ್ಷದಲ್ಲೂ ಇಷ್ಟು ಜನ ಇಷ್ಟು ಒಮ್ಮತದಿಂದ ಒಂದೇ ವಿಷಯ ಆರಿಸಿಲ್ಲ ಅನ್ನಬಹುದು. ಇವತ್ತಿಗೂ ಹೊಸದಾಗಿ ಒಂದು ಎಣಿಕೆ ಸಿಕ್ಕರೆ ಮೊದಲು ಹುಡುಕೋದು ನಕ್ಷತ್ರ ಬಿದ್ದ ವರ್ಷ ಎಲ್ಲಿದೆ ಅಂತ.

ಎರಡನೇ ಗೂಟವೂ ಆಕಾಶದ್ದೇ. 70ನೇ ಚಿತ್ರದಲ್ಲಿ ಕಪ್ಪು ಸೂರ್ಯ, ಜೊತೆಗೆ ಎರಡು ಕೆಂಪು ನಕ್ಷತ್ರ. 1869ರ ಆಗಸ್ಟ್ 7ರಂದು ಪೂರ್ಣ ಸೂರ್ಯಗ್ರಹಣದ ನೆರಳು ಡಕೋಟಾ ನೆಲದ ಮೇಲೇ ಹಾದುಹೋಗಿತ್ತು. 34ಕ್ಕೂ 70ಕ್ಕೂ ನಡುವೆ 36 ಚಿತ್ರ. 1833ಕ್ಕೂ 1869ಕ್ಕೂ ನಡುವೆ 36 ವರ್ಷ. ಒಂದೂ ಜಾರಿಲ್ಲ! ಕಾಗದ ಇಲ್ಲ, ಅಂಕಿ ಇಲ್ಲ, ಊರಿಂದ ಊರಿಗೆ ಬೈಸನ್ ಹಿಂಡಿನ ಹಿಂದೆ ಓಡಾಡುವ ಜೀವನ, ನಡುವೆ ಯುದ್ಧ, ರೋಗ, ಹಸಿವು, ಅಂಥದ್ದರಲ್ಲೂ 36 ವರ್ಷ ಒಂದನ್ನೂ ಬಿಡದೆ ಎಣಿಸೋದು ಅಂದರೆ ಸಣ್ಣ ಮಾತಲ್ಲ.

ಗ್ರಹಣದ ಚಿತ್ರಕ್ಕೆ ಆಗಲೇ ಒಂದು ತಕರಾರು ಬಂತು. ಯಾವುದೋ ರಾಕ್ಷಸ ಪ್ರಾಣಿ ಸೂರ್ಯನನ್ನು ನುಂಗುತ್ತದೆ ಅಂತ ಈ ಜನ ನಂಬುತ್ತಾರಲ್ಲ, ಹಾಗಿದ್ದರೆ ಚಿತ್ರದಲ್ಲಿ ಆ ಪ್ರಾಣಿ ಇರಬೇಕಿತ್ತು, ಇಲ್ಲವಲ್ಲ, ಆದ್ದರಿಂದ ಇದು ಗ್ರಹಣವೇ ಅಲ್ಲ ಅಂತ. ಮ್ಯಾಲರಿಯ ಉತ್ತರ ನನಗೆ ತುಂಬ ಸರಿ ಅನ್ನಿಸುತ್ತದೆ. ಸೂರ್ಯ ಮುಚ್ಚಿಹೋಗಿದ್ದಾನೆ, ಅದಕ್ಕೆ ಕಪ್ಪು. ಹಗಲಲ್ಲೇ ನಕ್ಷತ್ರ ಹೊಳೆದಿವೆ, ಅದಕ್ಕೆ ಕೆಂಪು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ, ಬಟ್ಟೆಯಲ್ಲಿ ಆದಷ್ಟೂ ಕಡೆ ಇದೇ ರೀತಿ ಇದೆ. ಒಂದು ಜನಾಂಗ ಹೀಗೆ ನಂಬುತ್ತದೆ ಅಂತ ಹೊರಗಿನವರು ತೀರ್ಮಾನ ಮಾಡಿ, ಆಮೇಲೆ ಅವರು ಬರೆದ ಚಿತ್ರ ಅದಕ್ಕೆ ಹೊಂದಲಿಲ್ಲ ಅಂತ ಅವರ ಚಿತ್ರವನ್ನೇ ಅನುಮಾನಿಸೋದು ವಿಚಿತ್ರ, ಅಲ್ವಾ?

ಆದರೆ ಒಂದು ಎಳೆ ಬಿಟ್ಟುಬಿಡಬಾರದು. ಕಟ್ಟುನಿಟ್ಟಾಗಿ ಹಿಮದಿಂದ ಹಿಮಕ್ಕೆ ಅಂತ ಲೆಕ್ಕ ಹಾಕಿದರೆ 1869ರ ಆಗಸ್ಟ್ ಬರೋದು 1868ರಲ್ಲಿ ಶುರುವಾದ ವರ್ಷದೊಳಗೆ. ಚಿತ್ರ ಇರೋದು 1869–70ರ ಜಾಗದಲ್ಲಿ. ಅವರ ವರ್ಷವನ್ನು ನಮ್ಮ ಇಸವಿಗಳ ಮೇಲೆ ಕೂರಿಸಿದಾಗ ಅಂಚಿನಲ್ಲಿ ಹೀಗೆ ಸ್ವಲ್ಪ ಆಚೀಚೆ ಆಗುತ್ತದೆ. ಎರಡು ಎಣಿಕೆಗಳಲ್ಲಿ ಒಂದೇ ಘಟನೆ ಒಂದು ವರ್ಷ ಹಿಂದೆ ಮುಂದೆ ಇರೋದೂ ಉಂಟು. ಇದನ್ನು ತಪ್ಪು ಅನ್ನೋದಕ್ಕಿಂತ ಅಳತೆಗೋಲು ಬೇರೆ ಅನ್ನೋದು ವಾಸಿ.

ಇಸವಿ ಸಿಕ್ಕಿತು. ಈಗ ಚಿತ್ರಗಳು ಏನು ಹೇಳುತ್ತವೆ ಅಂತ ನೋಡಿದರೆ ಇನ್ನೊಂದು ಗೊಂದಲ ಶುರುವಾಗುತ್ತದೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ರುಚಿ ಅನ್ನಿಸೋ ಭಾಗ ಇದೇ.

ಮೊದಲ ಚಿತ್ರದಲ್ಲಿ ಬರೀ ಗೆರೆಗಳು. 30 ಕಪ್ಪು ಗೆರೆ, ಮೂರು ಸಾಲಿನಲ್ಲಿ. ಕ್ರೋ ಎಂಬ ಎದುರಾಳಿ ಜನ ಮೂವತ್ತು ಡಕೋಟಾಗಳನ್ನು ಕೊಂದ ವರ್ಷ. ಎರಡನೆಯದು ಮೈತುಂಬ ಕೆಂಪು ಚುಕ್ಕೆ ಇರುವ ಮನುಷ್ಯ, ಸಿಡುಬು. ಮೂರನೆಯದು ಒಂದು ಕುದುರೆ ಲಾಳ. ಲಾಳ ಹೊಡೆದ ಕುದುರೆಗಳನ್ನು ಕದ್ದು ತಂದ ವರ್ಷ ಅದು. ಇಲ್ಲಿನ ಜನ ತಮ್ಮ ಕುದುರೆಗಳಿಗೆ ಲಾಳ ಹೊಡೆಯುತ್ತಿರಲಿಲ್ಲ, ಹಾಗಾಗಿ ಆ ಕುದುರೆಗಳು ಬಿಳಿಯರಿಂದ ನೇರವಾಗಿಯೋ ಇನ್ನೊಬ್ಬರ ಕೈ ದಾಟಿಯೋ ಬಂದವು. ಒಂದು ಲಾಳದ ಚಿತ್ರದಲ್ಲಿ ಬಿಳಿಯರು ಹತ್ತಿರ ಬರುತ್ತಿರುವ ಸುದ್ದಿಯೂ ಇದೆ.

18ನೇ ಚಿತ್ರ 1817–18. ಲಾ ಫ್ರಾಂಬೋಯ್ಸ್ ಎಂಬ ಕೆನಡಾದ ವ್ಯಾಪಾರಿ ಒಣ ಮರದಿಂದ ಅಂಗಡಿ ಕಟ್ಟಿದ. ಒಣ ಮರ ಅಂತ ಗೊತ್ತಾಗಲಿ ಅಂತ ಪಕ್ಕದಲ್ಲಿ ಸತ್ತ ಮರ ಬರೆದಿದ್ದಾರೆ. 1817ರಲ್ಲಿ ಅವನು ಈಗಿನ ಫೋರ್ಟ್ ಪಿಯರ್ ಹತ್ತಿರ ಬ್ಯಾಡ್ ನದಿ ಮಿಸ್ಸೌರಿಗೆ ಸೇರುವ ಕಡೆ ವ್ಯಾಪಾರದ ಠಾಣೆ ಹಾಕಿದ್ದು ಸೌತ್ ಡಕೋಟಾದ ಇತಿಹಾಸದಲ್ಲೂ ಇದೆ, ಹಾಗಾಗಿ ಇದೂ ಒಂದು ಸಣ್ಣ ಗೂಟ. ಎರಡು ವರ್ಷ ಬಿಟ್ಟು 1819–20ರಲ್ಲಿ ಲೂಯಿ ಲಾ ಕಾಂಟ್ ಎಂಬ ಇನ್ನೊಬ್ಬ ಅಂಗಡಿ ಕಟ್ಟಿದ. ಈ ಚಿತ್ರದ ಅರ್ಥ ಕೇಳಿದಾಗ ಒಬ್ಬರು ಮರೆಯದೆ ಸೇರಿಸಿದ ಮಾತು: ಅವನು ಹಾಕಿದ ಮರ ಕೊಳೆತದ್ದು. ಅರವತ್ತು ವರ್ಷದ ಹತ್ತಿರ ಕಳೆದ ಮೇಲೂ ಜನಕ್ಕೆ ನೆನಪಿದ್ದದ್ದು ಅಂಗಡಿಯವನ ಕಳಪೆ ಕೆಲಸ!

ಇನ್ನು 1840–41ರಲ್ಲಿ ಶಯೆನ್ ಜನರ ಜೊತೆ ಶಾಂತಿ, ಎರಡು ಕೈಗಳ ಚಿತ್ರ. 1845–46ರಲ್ಲಿ ಕಂಬ ಮತ್ತು ಮರಗಳ ಮೇಲೆ ಒಣಹಾಕಿದ ಬೈಸನ್ ಮಾಂಸ, ಅಂದರೆ ಹೊಟ್ಟೆತುಂಬ ಉಂಡ ವರ್ಷ. 1853–54ರಲ್ಲಿ ಪಟ್ಟೆಪಟ್ಟೆಯ ಸ್ಪ್ಯಾನಿಶ್ ಕಂಬಳಿಗಳು ಮೊದಲ ಸಲ ಬಂದವು.

ಈಗ ಇಲ್ಲದಿರೋದನ್ನು ನೋಡಿ. 1866ರ ಡಿಸೆಂಬರ್ 21ರಂದು ಫೋರ್ಟ್ ಫಿಲ್ ಕರ್ನಿ ಹತ್ತಿರ ಲಕೋಟಾ, ಶಯೆನ್, ಅರಾಪಹೊ ಸೇರಿ ಕ್ಯಾಪ್ಟನ್ ಫೆಟರ್‌ಮನ್ ಮತ್ತು ಅವನ ಜೊತೆಗಿದ್ದ ಎಲ್ಲರನ್ನೂ, ಒಟ್ಟು 81 ಜನರನ್ನು ಕೊಂದರು. ಅಲ್ಲಿಯವರೆಗೆ ಬಯಲು ಸೀಮೆಯಲ್ಲಿ ಅಮೆರಿಕನ್ ಸೇನೆಗೆ ಆದ ಅತಿ ದೊಡ್ಡ ಸೋಲು. ಕೊರ್ಬುಸಿಯರ್ ತಂದ, ಓಗ್ಲಾಲಾ ಎಂಬ ಲಕೋಟಾ ಗುಂಪಿನ ಎಣಿಕೆಯೊಂದರಲ್ಲಿ ಇದು ವಿವರವಾಗಿ ಇದೆ: ಟೋಪಿ ಹಾಕಿದ ತಲೆಗಳು, ಸುತ್ತ ಗುಂಡು ಬಾಣಗಳ ಗುರುತು, ಕುದುರೆ ಗೊರಸಿನ ಗುರುತು. ಲೋನ್ ಡಾಗ್‌ನ ಬಟ್ಟೆಯಲ್ಲಿ ಅದೇ ವರ್ಷಕ್ಕೆ ಏನಿದೆ? ಮಿನೆಕೊಂಜು ಮುಖಂಡ ಸ್ವಾನ್ (ಎಣಿಕೆ ಇಟ್ಟ ಸ್ವಾನ್ ಅಲ್ಲ, ಅದೇ ಹೆಸರಿನ ಇನ್ನೊಬ್ಬ) ತೀರಿಕೊಂಡ ಅಂತ ಒಂದು ಹಂಸದ ಚಿತ್ರ. ಅಷ್ಟೇ.

ಇನ್ನೊಂದು ಇದಕ್ಕಿಂತ ಕಷ್ಟದ್ದು. 1855ರ ಸೆಪ್ಟೆಂಬರ್ 3ರಂದು ಜನರಲ್ ಹಾರ್ನಿಯ ಸೈನ್ಯ ನೆಬ್ರಾಸ್ಕದ ಬ್ಲೂ ವಾಟರ್ ತೊರೆಯ ಹತ್ತಿರ ಲಿಟಲ್ ಥಂಡರ್‌ನ ಬ್ರೂಲೆ ಬಿಡಾರದ ಮೇಲೆ ಬಿದ್ದು 80ಕ್ಕಿಂತ ಜಾಸ್ತಿ ಜನರನ್ನು ಕೊಂದಿತು. ಹೆಂಗಸರು ಮಕ್ಕಳು ಸೇರಿ. ಅದೇ ಹಾರ್ನಿ ಮುಂದಿನ ಮಾರ್ಚ್‌ನಲ್ಲಿ ಫೋರ್ಟ್ ಪಿಯರ್‌ನಲ್ಲಿ ಸಭೆ ಕರೆದು ಒಪ್ಪಂದ ಮಾಡಿಕೊಂಡ. ಲೋನ್ ಡಾಗ್‌ನ 1855–56ರ ಚಿತ್ರದಲ್ಲಿ ಸಮವಸ್ತ್ರ ಹಾಕಿದ ಬಿಳಿಯ ಕೈಕುಲುಕುತ್ತಿದ್ದಾನೆ. ಪುಟಿನ್‌ಸ್ಕ, ಬಿಳಿ ಗಡ್ಡದವನು, ಶಾಂತಿ ಮಾಡಿಕೊಂಡ ವರ್ಷ. ಕೊಲೆ ಎಲ್ಲಿ?

ಮ್ಯಾಲರಿಯೂ ಮೊದಲು ಇದನ್ನು ಇಡೀ ಡಕೋಟಾ ಜನಾಂಗದ ಕ್ಯಾಲೆಂಡರ್ ಅಂತಲೇ ಅಚ್ಚು ಹಾಕಿಸಿದ್ದ. ಆದರೆ ಇದು ಬಿಡದೆ ಬರೆದ ಚರಿತ್ರೆಯಲ್ಲ, ಆ ವರ್ಷದ ಅತಿ ಮುಖ್ಯ ಘಟನೆಯ ಪಟ್ಟಿಯೂ ಅಲ್ಲ, ಏನೋ ವಿಶೇಷವಾದ ಒಂದನ್ನು ಎತ್ತಿಟ್ಟದ್ದು ಅಂತ ಅವನಿಗೂ ಕಂಡಿತ್ತು. ನನಗೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು ಅನ್ನಿಸುತ್ತದೆ. ವರ್ಷದ ಹೆಸರಿನ ಕೆಲಸ ಏನು? ಆ ವರ್ಷವನ್ನು ಬೇರೆ ವರ್ಷಗಳಿಂದ ಬೇರೆ ಮಾಡಿ ತೋರಿಸೋದು. ಕ್ರೋ ಜನರ ಜೊತೆ ಹೊಡೆದಾಟ ಹೆಚ್ಚುಕಡಿಮೆ ಪ್ರತಿ ವರ್ಷ ಆಗುತ್ತಿತ್ತು. ಸುಮ್ನೆ ಯುದ್ಧವಾಯಿತು ಅಂದರೆ ಯಾವ ಯುದ್ಧ ಅಂತ ಯಾರಿಗೆ ಗೊತ್ತಾಗಬೇಕು? ಅದಕ್ಕೇ ಯುದ್ಧ ಬಂದ ಕಡೆಯೆಲ್ಲ ಸತ್ತವರ ಎಣಿಕೆಯೋ ಇನ್ನೇನೋ ಒಂದು ಗುರುತು ಸೇರಿದೆ. ಮೂವತ್ತು ಗೆರೆ, 1805–06ಕ್ಕೆ ಎಂಟು ಗೆರೆ. ಕೊಳೆತ ಮರದ ಅಂಗಡಿ ಇದ್ದದ್ದು ಒಂದೇ, ಬೇರೆ ಯಾವುದರ ಜೊತೆಗೂ ಅದು ಗೊಂದಲವಾಗಲ್ಲ. ಹೆಸರಾಗೋದಕ್ಕೆ ಅದು ಪಕ್ಕಾ ಸರಿ. ಹಾಗಂತ ಲೋನ್ ಡಾಗ್‌ನ ಜನಕ್ಕೆ ಆ ವರ್ಷ ಅಂಗಡಿಯೇ ಎಲ್ಲಕ್ಕಿಂತ ದೊಡ್ಡ ವಿಷಯವಾಗಿತ್ತು ಅಂತ ತಿಳಿದರೆ ನಾವು ಓದಿದ್ದೇ ತಪ್ಪು.

ಜೊತೆಗೆ, ಇದು ಒಂದು ಗುಂಪಿನ ಲೆಕ್ಕ. ಬ್ಲೂ ವಾಟರ್‌ನಲ್ಲಿ ಸತ್ತವರು ಬ್ರೂಲೆಗಳು. ಲೋನ್ ಡಾಗ್‌ನ ಕಡೆಯವರಾದ ಮಿಸ್ಸೌರಿ ನದಿ ದಂಡೆಯ ಜನ ತಾವೇ ಹೋಗಿ ಕೂತದ್ದು ಫೋರ್ಟ್ ಪಿಯರ್ ಸಭೆಯಲ್ಲಿ. ಯಾರ ಕಣ್ಣಿಗೆ ಏನು ಬಿತ್ತೋ ಅದು ಅವರ ಚರ್ಮದ ಮೇಲೆ ಬಂತು. 1851ರ ಹಾರ್ಸ್ ಕ್ರೀಕ್ ಒಪ್ಪಂದದ ವಿಷಯವೂ ಹಾಗೇ. ನಾವು ಅದನ್ನು ಫೋರ್ಟ್ ಲಾರಮಿ ಒಪ್ಪಂದ ಅಂತ ಓದುತ್ತೇವೆ, ಗಡಿ ಗೆರೆಗಳ ಬಗ್ಗೆ ಮಾತಾಡುತ್ತೇವೆ. ಬ್ಯಾಟಿಸ್ಟ್ ಗುಡ್‌ನ ಎಣಿಕೆಯಲ್ಲಿ ಅದು ಸಾಮಾನು ಹಂಚಿದ ವರ್ಷ: ನಡುವೆ ಒಂದು ಕಂಬಳಿ, ಸುತ್ತ ಕೂತ ಜನ. ಲೋನ್ ಡಾಗ್‌ನಲ್ಲಿ ಅದೇ ವರ್ಷಕ್ಕೆ ಕ್ರೋ ಜೊತೆಗಿನ ಶಾಂತಿ.

ಚಿತ್ರವೊಂದೇ ಸಾಕಾಗುವುದಿಲ್ಲ ಅನ್ನೋದಕ್ಕೆ ಈ ಬಟ್ಟೆಯಲ್ಲೇ ಒಳ್ಳೆಯ ಸಾಕ್ಷಿ ಇದೆ. 1818–19, 19ನೇ ಚಿತ್ರ, ದಡಾರ ಬಂದ ವರ್ಷ. ಅಲ್ಲೂ ಮೈತುಂಬ ಕೆಂಪು ಚುಕ್ಕೆಯ ಮನುಷ್ಯ. ಎರಡನೇ ಚಿತ್ರದ ಸಿಡುಬಿನವನ ಪಕ್ಕ ಇಟ್ಟರೆ ವ್ಯತ್ಯಾಸ ಹುಡುಕಬೇಕು. ಮ್ಯಾಲರಿ ಇದನ್ನು ಈ ಎಣಿಕೆಯ ಕೆಲವೇ ದೋಷಗಳಲ್ಲಿ ಒಂದು ಅಂತ ಬರೆದ, ಎರಡೂ ಚುಕ್ಕೆ ಏಳುವ ರೋಗವಾದ್ದರಿಂದ ಚಿತ್ರಗಾರ ಇನ್ನೇನು ಮಾಡಿಯಾನು ಅಂತ ಸ್ವಲ್ಪ ರಿಯಾಯಿತಿಯನ್ನೂ ಕೊಟ್ಟ. ಆದರೆ ಎಣಿಕೆ ಇಟ್ಟವನಿಗೆ ಇದು ದೋಷವಾಗಿ ಕಂಡಿರಲಿಕ್ಕಿಲ್ಲ. ಒಂದು ಸುರುಳಿಯ ನಟ್ಟನಡುವೆ ಇದೆ, ಇನ್ನೊಂದು ಒಣ ಮರದ ಅಂಗಡಿಗೂ ಕೊಳೆತ ಮರದ ಅಂಗಡಿಗೂ ಮಧ್ಯೆ ಇದೆ. ಜಾಗ ನೋಡಿದರೆ ಅವನಿಗೆ ಸಾಕು. ಉಳಿದದ್ದು ಬಾಯಲ್ಲಿ. ಯಾರು ಸತ್ತರು, ರೋಗ ಎಲ್ಲಿಂದ ಬಂತು, ಯಾರು ಬದುಕಿದರು, ಆ ವರ್ಷ ಇನ್ನೇನೇನು ನಡೆಯಿತು, ಇದೆಲ್ಲ ಚಿತ್ರ ತೋರಿಸುತ್ತಾ ಹೇಳುವ ಮಾತಿನಲ್ಲಿತ್ತು. ಬ್ಲೂ ವಾಟರ್ ಕೊಲೆಯೂ ಹಾರ್ನಿಯ ಕೈಕುಲುಕುವ ಚಿತ್ರದ ಹಿಂದೆ ಹೇಳುವ ಕಥೆಯಲ್ಲಿ ಬರೋದಕ್ಕೆ ಏನೂ ಅಡ್ಡಿಯಿಲ್ಲ. ನಮಗೆ ಅಚ್ಚಾಗಿ ಸಿಕ್ಕಿರೋದು ಒಂದೊಂದು ಚಿತ್ರಕ್ಕೆ ಒಂದೆರಡು ಸಾಲು ಮಾತ್ರ, ಅದೂ ದುಭಾಷಿಗಳ ಮೂಲಕ, ಆ ಜನರ ಮೇಲೆ ಯುದ್ಧ ನಡೆಸುತ್ತಿದ್ದ ಸೇನೆಯ ಅಧಿಕಾರಿಗಳ ಕೈಯಿಂದ. ಲಕೋಟಾ, ಶಯೆನ್ ಜನ ಅಮೆರಿಕನ್ ಸೇನೆಯನ್ನು ಸೋಲಿಸಿದ ಲಿಟಲ್ ಬಿಗ್‌ಹಾರ್ನ್ ಕಾಳಗ ನಡೆದದ್ದೂ 1876ರಲ್ಲೇ, ಜೂನ್ 25ಕ್ಕೆ. ಇದನ್ನು ಮರೆತು ಓದಬಾರದು.

1800ರಲ್ಲಿ ಲೋನ್ ಡಾಗ್ ಈ ಕೆಲಸ ಶುರು ಮಾಡುವ ವಯಸ್ಸಿನವನಾಗಿರಲು ಸಾಧ್ಯವೇ ಇಲ್ಲ ಅಂತ ಮ್ಯಾಲರಿಯೇ ಒಪ್ಪುತ್ತಾನೆ. ಒಂದೋ ಹಿಂದಿನವರಿಂದ ಬಂದದ್ದನ್ನು ಮುಂದುವರಿಸಿದ, ಇಲ್ಲವೇ ದೊಡ್ಡವನಾದ ಮೇಲೆ ಹಿರಿಯರನ್ನು ಕೇಳಿ ಹಿಂದಿನ ವರ್ಷಗಳನ್ನು ತುಂಬಿಸಿದ. ಅಮೆರಿಕನ್ ಹಾರ್ಸ್‌ನದು ಅಜ್ಜ, ಅಪ್ಪ, ತಾನು ಹೀಗೆ ಮೂರು ತಲೆಮಾರಿನ ಕೆಲಸ, 1775–76ರಿಂದ ಶುರು. ಬ್ಯಾಟಿಸ್ಟ್ ಗುಡ್‌ನದು 1700ರಿಂದ ವರ್ಷ ವರ್ಷ ಇದೆ, ಅದಕ್ಕೂ ಹಿಂದೆ 70 ವರ್ಷದ ದೊಡ್ಡ ದೊಡ್ಡ ವೃತ್ತಗಳಾಗಿ ಕ್ರಿ.ಶ. 900ರ ತನಕ ಹೋಗುತ್ತದೆ. ಆ ಹಳೆಯ ಭಾಗವನ್ನು ತಾರೀಖಿನ ಲೆಕ್ಕದಲ್ಲಿ ಓದೋದು ಸರಿಯಲ್ಲ. ಅದು ಬೇರೆ ಜಾತಿಯ ನೆನಪು, ಜನ ತಾವು ಯಾರು, ಹೇಗೆ ಬಂದೆವು ಅಂತ ಹೇಳಿಕೊಳ್ಳುವ ಕಥೆ.

ಲೋನ್ ಡಾಗ್‌ನ ನಕಲು 1870–71ಕ್ಕೆ ನಿಲ್ಲುತ್ತದೆ. ಕೊನೆಯ ಚಿತ್ರದಲ್ಲಿ ಹಂಕ್‌ಪಾಪಾ ಎಂಬ ಲಕೋಟಾ ಗುಂಪಿನವರು ಮತ್ತು ಕ್ರೋಗಳ ಕಾಳಗ. ಬಟ್ಟೆ ಅಲ್ಲಿಗೆ ಮುಗಿಯಿತು, ಎಣಿಕೆ ಮುಗಿಯಲಿಲ್ಲ. ಬೈಸನ್ ಹಿಂಡುಗಳು ನಾಶವಾಗಿ ಜನ ಸರ್ಕಾರ ಗೊತ್ತುಮಾಡಿದ ರಿಸರ್ವೇಶನ್ ಎಂಬ ಮೀಸಲು ಪ್ರದೇಶಗಳಿಗೆ ಸೇರಿದ ಮೇಲೆ ಚರ್ಮ ಸಿಗೋದು ಕಷ್ಟವಾಯಿತು. ಆಗ ಮಸ್ಲಿನ್ ಬಟ್ಟೆ ಬಂತು, ವ್ಯಾಪಾರಿಗಳ ಲೆಕ್ಕದ ಪುಸ್ತಕ ಬಂತು, ಸುರುಳಿಯ ಬದಲು ಸಾಲು ಸಾಲಾಗಿ ಬರೆಯೋದೂ ಬಂತು. ಮಿಷನರಿಗಳಿಂದ ಲಕೋಟಾ ಭಾಷೆಗೆ ಲಿಪಿ ಕಲಿತವರು ಚಿತ್ರದ ಪಕ್ಕ ವರ್ಷದ ಹೆಸರನ್ನೂ ಬರೆಯತೊಡಗಿದರು. ಕೆಲವರು ಚಿತ್ರ ಬಿಟ್ಟೇ ಬಿಟ್ಟು ಬರೀ ಹೆಸರುಗಳ ಪಟ್ಟಿ ಇಟ್ಟುಕೊಂಡರು, ವರ್ಷಕ್ಕೆ ಒಂದು ಸಾಲು. ನೋಡೋದಕ್ಕೆ ಅಷ್ಟು ಚೆನ್ನಾಗಿಲ್ಲದ ಕಾರಣಕ್ಕೋ ಏನೋ, ಮ್ಯೂಸಿಯಂ ಗೋಡೆಗಳ ಮೇಲೆ ಆ ಪಟ್ಟಿಗಳು ಕಾಣಿಸೋದು ಕಡಿಮೆ. ಆದರೆ ಅವೂ ಅದೇ ಎಣಿಕೆ: ವರ್ಷ ಕಳೆದ ಮೇಲೆ ಕೂತು, ಇದನ್ನು ಏನಂತ ಕರೆಯೋಣ ಅಂತ ಮಾತಾಡಿ ಇಟ್ಟ ಹೆಸರುಗಳು.